ಏಣಿ ಮೇಡಂ ಗಡಿ ದಾಟಿದ್ದು

ಕಟ್ಟಡದ ಕೆಲಸದವರು ಅವಳಿಗೆ ಏಣಿ ಮೇಡಂ ಅಂತ ಹೆಸರಿಟ್ಟಿದ್ದು ಬೆನ್ನ ಹಿಂದೆ. ಆದರೆ ಅದು ಅವಳಿಗೂ ಗೊತ್ತಿತ್ತು. ಅಷ್ಟು ಎತ್ತರದ ಹೆಂಗಸು. ಗೋಡೆ ಏರಲು ಕಟ್ಟಿದ ಸಾರುವೆಯ ಅಡ್ಡಮರಕ್ಕೆ ಅವಳ ಹೆಲ್ಮೆಟ್ಟು ಟಣ್ಣೆಂದು ಬಡಿದ ಸದ್ದು ಕೇಳಿದರೆ ಸಾಕು, ಮೇಲಿದ್ದವರು ಸಿಗರೇಟು ಹೊಸಕಿ ಹಾಕಿ ಕೆಲಸಕ್ಕೆ ಕೈ ಹಚ್ಚುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ, "ನನ್ನಷ್ಟು ಎತ್ತರದ ಬಾಗಿಲಿರೋ ಮನೆ ಸಿಗಲಿಲ್ಲ ಬಿಡಿ" ಎಂದು ನಕ್ಕು ಬಾಯಿ ಮುಚ್ಚಿಸುತ್ತಿದ್ದಳು.

ಅವಳನ್ನು ಓದಿಸಿದವನು ಅಣ್ಣ. ಅಪ್ಪ ತೀರಿಕೊಂಡಾಗ ಅವಳಿನ್ನೂ ಶಾಲೆಯಲ್ಲಿದ್ದಳು, ಅಣ್ಣ ಆಗತಾನೇ ಇಂಜಿನಿಯರಾಗಿದ್ದ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸಿನಲ್ಲಿ ತಂಗಿಯ ಉದ್ದವನ್ನು ಆಡಿಕೊಂಡವನೊಬ್ಬನ ಹಲ್ಲು ಉದುರಿಸಿ, ಅದೇ ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಬಂದು ಕೂತು, ರಕ್ತ ಹತ್ತಿದ ಬೆರಳಿನಲ್ಲೇ ಪುಸ್ತಕದ ಹಾಳೆ ತಿರುವಿ ಲೆಕ್ಕ ಹೇಳಿಕೊಟ್ಟವನು ಅವನು. ಮುಂದೆ ಅವಳೂ ಇಂಜಿನಿಯರಾಗಿ, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿದ್ದ ಅವನ ಆಫೀಸಿಗೇ ಸೇರಿದಳು. ಊರಿನಲ್ಲಿ ಹೇಳಿಕೊಳ್ಳುವಂಥ ಯಾವ ಕಟ್ಟಡವೂ ಅಣ್ಣನ ಸೀಲು ಬೀಳದೆ ಏಳುತ್ತಿರಲಿಲ್ಲ. ಇಂಜಿನಿಯರುಗಳ ಸಂಘಕ್ಕೂ ಅವನೇ ಅಧ್ಯಕ್ಷ. ಅವನ ಮಗಳನ್ನು ಮದುವೆಯಾದ ಅಳಿಯನೂ ಅದೇ ಆಫೀಸಿನಲ್ಲಿದ್ದ. ಚುರುಕು ಮನುಷ್ಯ. ಮಾವನ ಕುರ್ಚಿಯ ಮೇಲೆ ಕಣ್ಣಿದ್ದರೂ ಅದನ್ನು ತೋರಿಸಿಕೊಳ್ಳದಷ್ಟು ಮರ್ಯಾದೆ ಇದ್ದವನು. "ಅತ್ತೆ, ಅತ್ತೆ" ಎಂದು ಅವಳ ಹಿಂದೆ ಮುಂದೆ ಸುತ್ತಿಯೇ ಕೆಲಸ ಕಲಿತವನು.

ಅಂಥ ಹೊತ್ತಿನಲ್ಲಿ ಅಕ್ಕಪಕ್ಕದ ಎರಡು ದೇಶಗಳ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಇನ್ನು ಮುಂದೆ ಗಡಿಯ ಆಚೆಯ ಇಂಜಿನಿಯರುಗಳು ಈಚೆಗೆ, ಈಚೆಯವರು ಆಚೆಗೆ ಹೋಗಿ, ಮತ್ತೆ ಪರೀಕ್ಷೆ ಬರೆಯದೆ, ಹೊಸ ಪರವಾನಗಿಗೆ ಅಲೆಯದೆ ನಕ್ಷೆಗೆ ಸಹಿ ಹಾಕಬಹುದು, ಟೆಂಡರಿಗೆ ನಿಲ್ಲಬಹುದು. ಪತ್ರಿಕೆಯಲ್ಲಿ ಸುದ್ದಿ ಓದಿದ ಅಣ್ಣ, "ಇದೆಲ್ಲ ದೊಡ್ಡ ಪಟ್ಟಣದ ಮಾತು, ನಮ್ಮೂರಿಗೆ ಯಾವನು ಬರ್ತಾನೆ" ಎಂದು ಅದನ್ನೇ ಮಡಚಿ ನೊಣ ಹೊಡೆದ. ಬಂದರು. ಊರ ಹೊರಗೆ ಕಟ್ಟಲಿದ್ದ ದೊಡ್ಡ ಆಸ್ಪತ್ರೆಯ ಕೆಲಸ ಆಚೆಯ ಕಂಪನಿಯ ಪಾಲಾಯಿತು.

ಆ ಕಂಪನಿಯ ಮುಖ್ಯಸ್ಥ ಮೆಟ್ಟಿಲು ಹತ್ತಿ ಅಣ್ಣನ ಆಫೀಸಿಗೇ ಬಂದರು. ದಪ್ಪ ಮೈ, ಸಣ್ಣ ದನಿ. ಕೆಲಸದವರು ಮುಂದೆ ಅವರನ್ನು ಆಚೆ ಸಾಹೇಬ್ರು ಅಂತಲೇ ಕರೆದರು. ಸ್ಥಳೀಯರೊಬ್ಬರು ಜೊತೆಗಿದ್ದರೆ ಒಳ್ಳೆಯದು, ಪಾಲುದಾರರಾಗಿ ಎಂದು ಕೇಳಿದರು. ಅಣ್ಣ ಅವರ ಕೊರಳಪಟ್ಟಿ ಹಿಡಿದು ಎಬ್ಬಿಸಿ ಬಾಗಿಲಾಚೆ ನೂಕಿದ. ಸಾಹೇಬರು ಮೆಟ್ಟಿಲಲ್ಲಿ ಮುಗ್ಗರಿಸಿ ಮೊಣಕಾಲು ತರಚಿಕೊಂಡರು. ಅವರ ಚೀಲ ಕೊಡಲು ಕೆಳಗೋಡಿದ ಏಣಿ ಮೇಡಂ ಅವರೊಡನೆ ಮಾತಾಡಿ ಮೇಲೆ ಬಂದದ್ದು ಬಹಳ ಹೊತ್ತಾದ ಮೇಲೆ.

"ನಾನು ಆಸ್ಪತ್ರೆ ಕೆಲಸಕ್ಕೆ ಹೋಗ್ತೀನಿ ಅಣ್ಣಾ" ಅಂದಳು.

"ನನ್ನ ಅನ್ನ ಕಸಿಯೋಕೆ ಬಂದವನ ಹತ್ರ ಕೂಲಿಗೆ ಹೋಗ್ತೀಯಾ?"

"ಕೂಲಿಗಲ್ಲ, ಆಸ್ಪತ್ರೆ ಕಟ್ಟೋಕೆ. ಇಲ್ಲೇ ಇದ್ರೆ ಸಾಯೋವರೆಗೂ ಅಂಗಡಿ ಮಳಿಗೆ, ಗೋಡೌನು, ಇಷ್ಟೇ."

"ಅಂದ್ರೆ ಇಷ್ಟು ವರ್ಷ ನಾನು ನಿನ್ನ ತುಳಿದೆ ಅನ್ನು."

"ನಾನು ಹಾಗಂದ್ನಾ?"

"ಬಾಯಲ್ಲಿ ಯಾಕನ್ಬೇಕು, ಮುಖದಲ್ಲೇ ಬರೆದಿದೆಯಲ್ಲ!"

ಅಣ್ಣ ಕೆನ್ನೆಗೆ ಬಾರಿಸಿದ. ಜಗತ್ತಿಗೆಲ್ಲ ಕೈ ಎತ್ತಿದವನು ತಂಗಿಯ ಮೇಲೆ ಎತ್ತಿದ್ದು ಅದೇ ಮೊದಲು. ಒಳಗಿನಿಂದ ಓಡಿಬಂದ ಅಳಿಯ, "ಮಾವ, ಬಿಡಿ, ಅತ್ತೆ ತಾನೇ" ಎಂದು ನಡುವೆ ನಿಂತ. ಅವಳು ಗೂಟದಿಂದ ಹೆಲ್ಮೆಟ್ಟು ತೆಗೆದುಕೊಂಡು ಇಳಿದು ಹೋದಳು. ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿದ್ದ ಬಟ್ಟೆಬರೆಯನ್ನು ಅತ್ತಿಗೆಯೇ ಕಣ್ಣೊರೆಸಿಕೊಳ್ಳುತ್ತ ಕಟ್ಟಿ ಕಳಿಸಿಕೊಟ್ಟಳು.

ಆಮೇಲೆ ಊರು ಊರಾಗಿ ಉಳಿಯಲಿಲ್ಲ. ಮೊದಲು ಆಸ್ಪತ್ರೆಯ ಸೈಟ್ ಆಫೀಸಿನ ಗಾಜು ಪುಡಿಯಾಯಿತು. ಬಳಿಕ ಸಾಹೇಬರ ಜೀಪಿಗೆ ಸಂತೆ ರಸ್ತೆಯಲ್ಲೇ, ಹಾಡಹಗಲೇ ಬೆಂಕಿ ಬಿತ್ತು. ಡ್ರೈವರು ಸುಟ್ಟ ಕೈಗಳನ್ನು ಎದೆಗೆ ಒತ್ತಿಕೊಂಡು ಚರಂಡಿಯಲ್ಲಿ ಹೊರಳಾಡುತ್ತಿದ್ದರೆ ಅಂಗಡಿಯವರು ಬಾಗಿಲು ಎಳೆದುಕೊಂಡರು. ಸೈಟಿನ ಮೇಸ್ತ್ರಿಯನ್ನು ಅವನ ಮನೆಯ ಮುಂದೆಯೇ ಅಟ್ಟಾಡಿಸಿ ಹೊಡೆದರು. ತಲೆಗೆ ಬಟ್ಟೆ ಸುತ್ತಿಕೊಂಡು ಮರುದಿನ ಕೆಲಸಕ್ಕೆ ಬಂದ ಅವನು, "ಇಷ್ಟು ದಿನ ತಲೆಯೊಳಗೆ ಗಾಳಿ ಆಡ್ತಿರ್ಲಿಲ್ಲ ಮೇಡಂ, ಈಗ ಕಿಟಕಿ ಇಟ್ಟಿದ್ದಾರೆ" ಅಂದ. ಅವಳಿಗೆ ನಗು ಬರಲಿಲ್ಲ. ಪೊಲೀಸರು ಬಂದರು, ಚಹಾ ಕುಡಿದರು, ಹೋದರು. ಅಣ್ಣ ಸಂಘದ ಮುಂದೆ ಮೈಕು ಹಿಡಿದು, ಗಡಿ ತೆರೆದರೆ ನಮ್ಮ ಮಕ್ಕಳ ಬಾಯಿಗೆ ಮಣ್ಣು ಬೀಳುತ್ತದೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಸಂಘದ ಎಷ್ಟೋ ಜನರಿಗೆ ನಿಜವಾಗಿಯೂ ಕೆಲಸ ತಪ್ಪಿತ್ತು. ಅದು ಅವಳಿಗೂ ತಿಳಿದಿತ್ತು, ತಿಳಿದೇ ನಿದ್ದೆ ಕೆಟ್ಟಿತ್ತು.

ಆಪರೇಷನ್ ವಿಭಾಗದ ಮೇಲೆ ಚಾವಣಿ ಸುರಿಯುವ ದಿನ ಬಂತು. ಬೆಳಗಿನಿಂದ ಕಾಂಕ್ರೀಟ್ ಏರುತ್ತಿತ್ತು. ಕೆಳಗೆ ಕಾಡಿನ ಹಾಗೆ ಒತ್ತೊತ್ತಾಗಿ ಉಕ್ಕಿನ ಆಸರೆ ಕಂಬಗಳು. ಅವುಗಳ ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಇನ್ನೂ ಗಂಜಿಯಂತಿದ್ದ ಕಾಂಕ್ರೀಟ್, ಅದರಲ್ಲಿ ಗಂಬೂಟು ಹಾಕಿಕೊಂಡು ನಿಂತ ಜನ. ಮಧ್ಯಾಹ್ನದ ಹೊತ್ತಿಗೆ ಗೇಟು ಮುರಿದು ಗುಂಪು ನುಗ್ಗಿತು. ಅಣ್ಣ ಗೇಟಿನಾಚೆ ಲಾರಿಯ ಮೇಲೆ ನಿಂತು ಕೂಗುತ್ತಿದ್ದ. ಅವನು ಹೇಳಿದ್ದು ಆಫೀಸು ಒಡೆಯಿರಿ, ಕೆಲಸ ನಿಲ್ಲಿಸಿ ಎಂದಷ್ಟೇ. ಆದರೆ ಕೈಯಲ್ಲಿ ಕಬ್ಬಿಣದ ಸರಳು ಹಿಡಿದ ಜನಕ್ಕೆ ಅಷ್ಟರಲ್ಲೇ ನಿಲ್ಲಲು ಬರುತ್ತದೆಯೇ? ಆಚೆ ಸಾಹೇಬರು ಏಣಿಯಿಂದ ಇಳಿಯುತ್ತಿದ್ದರು. ಕಾಲು ಹಿಡಿದು ಎಳೆದರು. ದವಡೆ ಮುರಿದ ಸದ್ದು ಮಿಕ್ಸರಿನ ಗದ್ದಲದಲ್ಲೂ ಕೇಳಿಸಿತು. ಬಿದ್ದವರ ಬೆನ್ನಿಗೆ, ಹೊಟ್ಟೆಗೆ ಒದ್ದರು. ಅಡ್ಡ ಬಂದ ಮೇಸ್ತ್ರಿಗೆ ಇಟ್ಟಿಗೆಯಿಂದ ಜಜ್ಜಿದರು.

ಏಣಿ ಮೇಡಂ ಅತ್ತ ಓಡುತ್ತಿದ್ದವಳು ಚಾವಣಿಯ ಕೆಳಗಿನಿಂದ ಠಣ್, ಠಣ್ ಎಂದು ಸುತ್ತಿಗೆಯ ಪೆಟ್ಟು ಕೇಳಿ ಗಕ್ಕನೆ ನಿಂತಳು. ಬಗ್ಗಿ ಒಳಗೆ ನೋಡಿದರೆ ಅಳಿಯ. ದೊಡ್ಡ ಸುತ್ತಿಗೆಯಿಂದ ಮೂಲೆಯ ಆಸರೆ ಕಂಬಗಳನ್ನು ಹೊಡೆದು ಕೆಡವುತ್ತಿದ್ದಾನೆ.

"ಏಯ್! ಮೇಲೆ ಜನ ಇದ್ದಾರೆ! ತಲೆ ಕೆಟ್ಟಿದೆಯಾ ನಿಂಗೆ?"

"ಮೂಲೆ ಒಂದೇ ಅತ್ತೆ, ಸ್ವಲ್ಪ ಜಗ್ಗುತ್ತೆ ಅಷ್ಟೇ. ಆಚೆಯವರ ಕೆಲಸ ಹೇಗಿರುತ್ತೆ ಅಂತ ಊರು ನೋಡ್ಲಿ."

"ಸುರಿದು ಎಷ್ಟು ಹೊತ್ತಾಯ್ತೋ? ಪೂರ್ತಿ ಕೆಳಗೆ ಬರುತ್ತೆ ಅದು! ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಇನ್ನೊಂದು ಕಂಬಕ್ಕೆ ಬಾರಿಸಿದ. ಆ ಮುಖ ಅವಳು ಕಂಡ ಮುಖವಾಗಿರಲಿಲ್ಲ; ಕಣ್ಣು ಕೆಂಪಾಗಿ, ತುಟಿಯಂಚಿನಲ್ಲಿ ನೊರೆ. ಅವಳು ನೆಲದ ಮೇಲಿದ್ದ ಸಲಿಕೆ ಎತ್ತಿಕೊಂಡು ಒಳನುಗ್ಗಿ, ಇದ್ದ ಬಲವನ್ನೆಲ್ಲ ಹಾಕಿ ಅವನ ಮುಂಗೈಗೆ ಹೊಡೆದಳು. ಮೂಳೆ ಲಟಕ್ಕೆಂದಿತು. ಸುತ್ತಿಗೆ ಬಿತ್ತು. ಅವನು ಕಿರುಚಿ, ನೋವಿಗೋ ಸಿಟ್ಟಿಗೋ, ಓರೆಯಾಗಿ ನಿಂತಿದ್ದ ಕಂಬಕ್ಕೆ ಕಾಲಿನಿಂದ ಝಾಡಿಸಿ ಒದ್ದ.

ಮೊದಲು ತಲೆಯ ಮೇಲೆ ಹಲಗೆ ನರಳಿತು. ಯಾರೋ ಹಿಂದಿನಿಂದ ಅವಳ ಬೆಲ್ಟು ಹಿಡಿದು ಎಳೆದರು: ಮುಖ ರಕ್ತಮಯವಾಗಿದ್ದ ಮೇಸ್ತ್ರಿ. ಅವಳು ಕೈ ಚಾಚಿದ್ದಳು, ಅಳಿಯನೂ ಚಾಚಿದ್ದ, ಆದರೆ ಚಾಚಿದ್ದು ಮುರಿದ ಕೈ. ಬೆರಳು ಬೆರಳಿಗೆ ತಗುಲಿ ಜಾರಿತು. ಆಮೇಲೆ ಬೂದು ಬಣ್ಣದ ಒಂದು ಗೋಡೆ ಆಕಾಶದಿಂದ ಇಳಿದು ಬಂತು.

ಸರಳು ಹಿಡಿದು ಬಂದವರೇ ಸರಳು ಬಿಸಾಡಿ ಕೈಯಲ್ಲಿ ಅಗೆದರು. ಹಸಿ ಕಾಂಕ್ರೀಟಿಗೆ ಚರ್ಮ ಸುಟ್ಟು ಕಿತ್ತು ಬಂದರೂ ಯಾರೂ ನಿಲ್ಲಿಸಲಿಲ್ಲ. ಮೇಲಿದ್ದವರಲ್ಲಿ ಕೆಲವರು ಬದುಕಿದರು, ಕೆಲವರು ಉಸಿರು ಕಟ್ಟಿ ಸತ್ತರು. ಅಣ್ಣ ಲಾರಿಯಿಂದ ಹಾರಿ ಓಡಿಬಂದು ಉಗುರು ಕಿತ್ತು ಹೋಗುವಂತೆ ಕೆದಕಿದ. ಅಳಿಯನನ್ನು ಹೊರಗೆಳೆದಾಗ ಅವನ ಬಾಯಿ ಮೂಗೆಲ್ಲ ಕಾಂಕ್ರೀಟ್ ತುಂಬಿತ್ತು. ಅಣ್ಣ ಅದನ್ನು ಬೆರಳು ಹಾಕಿ ತೆಗೆಯುತ್ತಲೇ ಇದ್ದ. "ಸಾಕು ಅಣ್ಣಾ" ಎಂದು ಅವಳು ಭುಜ ಹಿಡಿದಾಗ ತಿರುಗಿ ಅವಳ ಎದೆಗೆ ಗುದ್ದಿದ. ಮತ್ತೆ ಮತ್ತೆ ಗುದ್ದಿದ. ಅವಳು ತಡೆಯಲಿಲ್ಲ.

ನ್ಯಾಯಾಲಯದಲ್ಲಿ ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅಣ್ಣ ಕೂಗಿದ್ದು, ಅಳಿಯ ಕಂಬ ಬೀಳಿಸಿದ್ದು, ತಾನು ಅವನ ಕೈ ಮುರಿದದ್ದು, ಯಾವುದನ್ನೂ ನುಂಗಲಿಲ್ಲ. ಅಣ್ಣನ ವಕೀಲ ಕೇಳಿದ: "ಕೈ ಮುರಿಯದೆ ಇದ್ದಿದ್ದರೆ ಆತ ನಿಮ್ಮ ಕೈ ಹಿಡಿದು ಹೊರಗೆ ಬರ್ತಿದ್ದರಲ್ವೇ?"

"ಬರ್ತಿದ್ನೇನೋ."

"ಏನೋ ಅಂದ್ರೆ?"

"ಗೊತ್ತಿಲ್ಲ. ದಿನಾ ಅದನ್ನೇ ಕೇಳ್ಕೋತೀನಿ. ಗೊತ್ತಿಲ್ಲ."

ಅಣ್ಣನಿಗೆ ಜೈಲಾಯಿತು. ಅವಳಿಗೆ ಶಿಕ್ಷೆಯಾಗಲಿಲ್ಲ. ಹೊರಗಿನ ಮೆಟ್ಟಿಲಲ್ಲಿ ಅಣ್ಣನ ಮಗಳು ಕಾದು ನಿಂತಿದ್ದಳು. ಹತ್ತಿರ ಬಂದು ಅತ್ತೆಯ ಕೂದಲು ಹಿಡಿದು ಬಗ್ಗಿಸಿ ಮುಖವನ್ನು ಮೆಟ್ಟಿಲ ಪಕ್ಕದ ಕಂಬಿಗೆ ಅಪ್ಪಳಿಸಿದಳು. "ಬಗ್ಗು ಅತ್ತೆ, ಬಗ್ಗು! ಒಂದು ಸಲನಾದ್ರೂ ಬಗ್ಗು!" ಮೂಗಿನಿಂದ ರಕ್ತ ಸುರಿಯಿತು. ಪೊಲೀಸರು ಬಿಡಿಸಲು ಬಂದರೆ ಏಣಿ ಮೇಡಂ ತಾನೇ ಕೈ ಅಡ್ಡ ಹಿಡಿದು ಅವರನ್ನು ತಡೆದಳು.

ಆ ಊರಲ್ಲಿ ಅವಳಿಗೆ ಬಾಡಿಗೆ ಮನೆಯೂ ಹುಟ್ಟಲಿಲ್ಲ. ದವಡೆಗೆ ತಂತಿ ಹಾಕಿಸಿಕೊಂಡು ತಮ್ಮ ದೇಶಕ್ಕೆ ಮರಳಿದ್ದ ಸಾಹೇಬರು ಕರೆ ಕಳಿಸಿದರು. ಒಪ್ಪಂದ ಎರಡು ಕಡೆಗೂ ಒಂದೇ ತಾನೇ. ಅವಳು ಗಡಿ ದಾಟಿ ಅಲ್ಲಿ ದೊಡ್ಡ ನೀರಿನ ಟ್ಯಾಂಕಿನ ಕೆಲಸ ವಹಿಸಿಕೊಂಡಳು. ಕೆಲವು ವಾರ ಸುಮ್ಮನಿತ್ತು. ಒಂದು ಬೆಳಿಗ್ಗೆ ಅಲ್ಲಿನ ಇಂಜಿನಿಯರುಗಳು ಗೇಟಿನ ಮುಂದೆ ಸೇರಿದರು. ಬೈಗುಳ ಬೇರೆ ಉಚ್ಚಾರದಲ್ಲಿತ್ತು, ಅರ್ಥ ಮಾತ್ರ ಅದೇ. ಕಲ್ಲೊಂದು ಬಂದು ಎಡಗಿವಿಗೆ ಬಡಿಯಿತು.

ಎಸೆದವನು ಕನ್ನಡಕ ಹಾಕಿದ ಸಣಕಲ. ಅವಳು ಗೇಟು ತೆರೆದು ಹೋಗಿ ಅವನನ್ನು ಕತ್ತು ಹಿಡಿದು ನೆಲಕ್ಕೆ ಕೆಡವಿದಳು. ಸೊಂಟದಲ್ಲಿದ್ದ ಸ್ಪ್ಯಾನರ್ ತೆಗೆದು ಹೊಡೆದಳು. ಕನ್ನಡಕ ಒಡೆಯಿತು, ಹುಬ್ಬು ಸೀಳಿತು. ಅವನು ಕೈ ಮುಗಿದ. ಮುಗಿದ ಕೈಗಳ ಮೇಲೂ ಹೊಡೆದಳು. ಅವಳ ಕೆಲಸದವರೇ ಓಡಿಬಂದು, ಒಬ್ಬರಿಂದಾಗದೆ ಹಲವರು ಸೇರಿ ಎಳೆದರು. ಬಿಡಿಸಿಕೊಂಡು ನಿಂತಾಗ ಅವಳ ಬಾಯಿಯಲ್ಲಿ ಏನೋ ಉಪ್ಪುಪ್ಪು. ತನ್ನ ತುಟಿಯನ್ನೇ ಕಚ್ಚಿ ಹರಿದುಕೊಂಡಿದ್ದಳು. ಅವನು ಬದುಕಿದ. ಸಾಹೇಬರು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದರು. ಅಲ್ಲಿನ ಇಂಜಿನಿಯರುಗಳಿಗೂ ಟ್ಯಾಂಕಿನ ಕೆಲಸದಲ್ಲಿ ಪಾಲು ಸಿಕ್ಕಿತು. ಆ ಸಣಕಲ ಆಮೇಲೆ ಅವಳ ಕೈಕೆಳಗೇ ಕೆಲಸಕ್ಕೆ ಬಂದ. ಅವಳು ಸ್ಪ್ಯಾನರ್ ಎತ್ತಿದಾಗಲೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಟ್ಯಾಂಕಿಗೆ ನೀರು ತುಂಬಿದ ಮೇಲೆ ಅವಳು ಜೈಲಿಗೆ ಹೋದಳು. ಜಾಲರಿಯಾಚೆ ಅಣ್ಣ ಸೊರಗಿಹೋಗಿದ್ದ. ಬಂದವಳನ್ನು ಕಂಡು ಎದ್ದು ಹೋಗುತ್ತಾನೇನೋ ಅಂದುಕೊಂಡಿದ್ದಳು, ಹೋಗಲಿಲ್ಲ.

"ಕಿವಿಗೆ ಏನಾಯ್ತು?" ಅಂದ.

"ಕಲ್ಲು ಬಿತ್ತು. ಅಲ್ಲಿನವರ ಅನ್ನ ಕಸಿಯೋಕೆ ಹೋಗಿದೀನಂತೆ ನಾನು."

ಅಣ್ಣ ನಗಲಿಲ್ಲ. "ನೀನೇನ್ಮಾಡ್ದೆ?"

"ಹೊಡೆದೆ. ಬಿಡಿಸದೆ ಇದ್ದಿದ್ರೆ ಸಾಯಿಸ್ತಿದ್ದೆ ಅಣ್ಣಾ. ಅವನು ಕೈ ಮುಗಿದ, ಆದ್ರೂ ಹೊಡೆದೆ."

ಅವನ ಉಗುರಿಲ್ಲದ ಬೆರಳುಗಳು ಜಾಲರಿಯ ತೂತುಗಳನ್ನು ಸುಮ್ಮನೆ ತಡವುತ್ತಿದ್ದವು.

"ಮಗಳು ಬರ್ತಾಳೆ ಆಗಾಗ. ನಿನ್ನ ಸುದ್ದಿ ಎತ್ತಲ್ಲ" ಅಂದ.

"ಎತ್ತೋದು ಬೇಡ."

"ನಾನೂ ಎತ್ತಲ್ಲ."

ಸಮಯ ಮುಗಿಯಿತು ಎಂದು ಕಾವಲಿನವನು ಕೂಗಿದ. ಅಣ್ಣ ಎದ್ದವನು ಎರಡು ಹೆಜ್ಜೆ ಹೋಗಿ ನಿಂತ.

"ಊಟ ಗೀಟ ಸರಿಯಾಗಿ ಮಾಡ್ತೀಯಾ ಅಲ್ಲಿ?"

"ಮಾಡ್ತೀನಿ."

"ಸರಿ. ಬರೋದಾದ್ರೆ ಅವಳು ಬರದ ದಿನ ನೋಡ್ಕೊಂಡು ಬಾ."

ಏಣಿ ಮೇಡಂ ಹಾಗೇ ಮಾಡಿದಳು. ಅಣ್ಣ ಬಿಡುಗಡೆಯಾಗುವವರೆಗೂ, ಅವನ ಮಗಳು ಬರದ ದಿನ ನೋಡಿಕೊಂಡು ಗಡಿ ದಾಟಿ ಬಂದು ಹೋಗುತ್ತಿದ್ದಳು. ಅಣ್ಣನ ಮಗಳು ಮಾತ್ರ ಅವಳ ಜೊತೆ ಮತ್ತೆ ಮಾತಾಡಲೇ ಇಲ್ಲ.