ಕೇಬಲ್ ಎತ್ತಿದ ದಿನ

ಕೊಳವೆಬಾವಿಗಳಲ್ಲಿ ನೀರು ಎಷ್ಟು ಆಳಕ್ಕಿದೆ ಎಂದು ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮನೆ ಜಮಖಂಡಿಯಲ್ಲಿ, ತಿರುಗಾಟ ಮುಧೋಳ, ಬೀಳಗಿ, ರಬಕವಿಯ ಕಡೆಯೆಲ್ಲ, ಸ್ಕೂಟರಿನ ಮೇಲೆ. ಈ ಬಾವಿಗಳಿಗೆ ಪಂಪು ಇರುವುದಿಲ್ಲ. ಉದ್ದನೆಯ ಕೇಬಲ್ಲಿನ ತುದಿಗೆ ಸಣ್ಣದೊಂದು ಸೆನ್ಸರ್ ಕಟ್ಟಿ ನೀರೊಳಗೆ ಇಳಿಬಿಟ್ಟಿರುತ್ತೇವೆ. ಅದು ಕಳಿಸಿದ್ದನ್ನು ಮೇಲಿನ ಪೆಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ.

ಲೋಕಾಪುರದ ಹತ್ತಿರ ಒಂದು ಹೊಲದ ಬಾವಿ ಕೆಲವು ವಾರಗಳಿಂದ ಹುಚ್ಚುಹುಚ್ಚಾಗಿ ಲೆಕ್ಕ ಕೊಡುತ್ತಿತ್ತು. ಬೆಳಿಗ್ಗೆ ನೀರು ಬಾಯಿಮಟ್ಟಕ್ಕೆ ಬಂದಿದೆ ಎನ್ನುವುದು, ಮಧ್ಯಾಹ್ನ ಬಾವಿಯೇ ಬತ್ತಿದೆ ಎನ್ನುವುದು. ಟೇಪು ಇಳಿಸಿ ನೋಡಿದರೆ ನೀರು ಎಲ್ಲಿತ್ತೋ ಅಲ್ಲೇ ಇತ್ತು.

ಆ ಹೊಲದೊಡತಿ ವಯಸ್ಸಾದ ಹೆಂಗಸು. ಹಣೆಯ ಮೇಲೆ ಯಾವಾಗಲೂ ಬೀರೇಶ್ವರನ ಭಂಡಾರದ ಅರಿಶಿನ. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಅಂದು ನಾನು ಹೋದಾಗ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

ಮೊದಲು ಪೆಟ್ಟಿಗೆಗೆ ನನ್ನ ಚೀಲದಲ್ಲಿದ್ದ ಬೇರೆ ಸೆನ್ಸರ್ ಜೋಡಿಸಿದೆ. ಸರಿಯಾಗಿಯೇ ತೋರಿಸಿತು. ಆಮೇಲೆ ಬಾವಿಯ ಕೇಬಲ್ಲನ್ನು ಕೈಯಿಂದ ಕೈಗೆ ಮೇಲೆಳೆದು ಬದುವಿನುದ್ದಕ್ಕೂ ಹಾಸಿದೆ. ತುದಿಯ ಸೆನ್ಸರ್ ಬಿಚ್ಚಿ ನೇರವಾಗಿ ಪೆಟ್ಟಿಗೆಗೆ ಹಚ್ಚಿದರೆ ಅದೂ ಸರಿಯಿತ್ತು. ಅಂದರೆ ಕೆಟ್ಟಿದ್ದು ಕೇಬಲ್ಲೇ. ಆದರೆ ಹೊರಗಿನಿಂದ ಎಲ್ಲೂ ಗಾಯ ಕಾಣಲಿಲ್ಲ.

ಇಂಥ ಹೊತ್ತಿನಲ್ಲಿ ಕೇಬಲ್ಲನ್ನು ತುಸುತುಸುವೇ ಉಪ್ಪುನೀರಿನಲ್ಲಿ ಮುಳುಗಿಸಬೇಕು. ಮೆಗ್ಗರ್ ಎಂಬ ಯಂತ್ರದ ಒಂದು ಕ್ಲಿಪ್ಪನ್ನು ಒಳಗಿನ ತಂತಿಗೂ ಇನ್ನೊಂದನ್ನು ನೀರಿಗೂ ಹಚ್ಚಿ ಹಿಡಿಕೆ ತಿರುಗಿಸಬೇಕು. ಹೊದಿಕೆ ಗಟ್ಟಿಯಿದ್ದರೆ ಮುಳ್ಳು ಮೇಲೇ ನಿಲ್ಲುತ್ತದೆ. ಸೀಳಿದ್ದ ಭಾಗ ನೀರಿಗಿಳಿದ ಕೂಡಲೆ ಕೆಳಗೆ ಬೀಳುತ್ತದೆ.

“ಆಯಿ, ಒಂದ ಬಕೆಟ್ ನೀರು, ಒಂದ ಹಿಡಿ ಉಪ್ಪು ಕೊಡ್ರಿ.”

“ಉಪ್ಯಾಕ ಬೇ? ಅದನ್ನ ಉಪ್ಪಿನಕಾಯಿ ಹಾಕಾಕಿ ಏನ?” ಎನ್ನುತ್ತಲೇ ತಂದುಕೊಟ್ಟಳು.

ಅರ್ಧ ಕೇಬಲ್ ನೋಡಿ ಮುಗಿದಿತ್ತು. ಬನಹಟ್ಟಿಯಿಂದ ಫೋನ್ ಬಂತು. ಮಾಮಾ, ನನ್ನ ಅಕ್ಕನ ಗಂಡ.

“ನಿಮ್ಮಕ್ಕ ಹೋದ್ಲವಾ,” ಎಂದರು. “ಮಗ್ಗದ ನೂಲಿನ ಕಂಡಿಕಿ ಸುತ್ತಾಕತ್ತಿದ್ಲು. ಕುಂತಲ್ಲೇ ವಾಲಿದ್ಲು. ಡಾಕ್ಟರ್ ಬರೂದ್ರಾಗ ಮುಗದಿತ್ತು.”

“ಹೌದ್ರಿ?” ಎಂದೆ. “ಆತ್ರಿ ಮಾಮಾ. ಬರತೀನಿ.”

ಫೋನು ಚೀಲಕ್ಕೆ ಹಾಕಿದೆ. ಕೇಬಲ್ಲಿನ ಮುಂದಿನ ಸುತ್ತನ್ನು ಬಕೆಟ್ಟಿಗೆ ಇಳಿಸಿದೆ. ಹಿಡಿಕೆ ತಿರುಗಿಸಿದೆ. ಮುಳ್ಳು ಮೇಲೇ ನಿಂತಿತು. ಮತ್ತೊಂದು ಸುತ್ತು ಇಳಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ. ಅಳು ನುಂಗಿಕೊಂಡಿದ್ದೆ ಎಂದು ಆಮೇಲೆ ಯಾರೋ ಹೇಳಿದರು. ನುಂಗುವುದಕ್ಕೆ ಏನೂ ಬಂದಿರಲಿಲ್ಲ. ಬಿಸಿಲಿತ್ತು, ಕಬ್ಬಿನ ಗರಿ ಸಪ್ಪಳ ಮಾಡುತ್ತಿತ್ತು, ಬಕೆಟ್ಟಿನ ನೀರು ಬೆಚ್ಚಗಾಗಿತ್ತು. ಅಷ್ಟು ಮಾತ್ರ ಗೊತ್ತಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮುಳ್ಳು ಬಿತ್ತು. ಆ ಭಾಗವನ್ನು ಒರೆಸಿ ಮೆಲ್ಲಗೆ ಬಗ್ಗಿಸಿದಾಗ ಉಗುರಿನ ಅಂಚಿನಷ್ಟು ಸೀಳು ಬಾಯಿ ಬಿಟ್ಟಿತು. ಬಾವಿಯೊಳಗೆ ಕಬ್ಬಿಣದ ಕೊಳವೆಗಳು ಕೂಡುವಲ್ಲಿ ಅಂಚು ಚೂಪಾಗಿರಬೇಕು; ಕೇಬಲ್ ಅದಕ್ಕೆ ತಿಕ್ಕಿ ತಿಕ್ಕಿ ಕೊಯ್ದುಹೋಗಿತ್ತು. ಒಳಗೆ ತಾಮ್ರ ಹಸಿರುಗಟ್ಟಿತ್ತು. ಗುರುತಿಗೆ ಕೆಂಪು ಟೇಪು ಸುತ್ತುತ್ತಿದ್ದೆ, ಮತ್ತೆ ಫೋನ್ ಬಂತು. ನನ್ನ ಕೈ ಒದ್ದೆಯಾಗಿದ್ದರಿಂದ ಆಯಿಯೇ ಅದನ್ನು ನನ್ನ ಕಿವಿಗೆ ಹಿಡಿದಳು. ಮಾಮಾ ಜೋರಾಗಿಯೇ ಮಾತಾಡಿದರು.

“ಎಲ್ಲಿದ್ದಿ? ಸಂಜಿಮುಂದ ಮಣ್ಣ ಮಾಡೂದೈತಿ. ಎಲ್ಲಾರೂ ನಿನ್ನ ದಾರಿ ಕಾಯಾಕತ್ತಾರ.”

ಆಯಿ ಫೋನು ಇಳಿಸಿದಳು. “ಯಾರ ಬೇ?”

“ನಮ್ಮಕ್ಕರಿ.”

“ಯಾವಾಗ?”

“ಆಗಳೆ ಫೋನ್ ಬಂದಿತ್ತಲ್ರಿ, ಅವಾಗ.”

ಅವಳು ನನ್ನನ್ನು ನೋಡಿದಳು, ಬಕೆಟ್ಟನ್ನು ನೋಡಿದಳು. ಬೈಯಲಿಲ್ಲ. ಚೊಂಬಿನಲ್ಲಿ ನೀರು ತಂದು ನನ್ನ ಕೈಗೆ ಸುರಿದು ತನ್ನ ಸೆರಗಿನಿಂದ ಒರೆಸಿದಳು. ಸ್ಕೂಟರಿನ ಕೀಲಿ ಇಸಿದುಕೊಂಡಳು.

“ಈ ಗಾಡಿ ಮ್ಯಾಲ ನಿನ್ನ ಒಬ್ಬಾಕಿನ್ನ ಕಳಸಂಗಿಲ್ಲ. ನಡಿ, ಬಸ್ಸಿಗೆ ಹೋಗೂಣು. ನಾನೂ ಬರತೀನಿ.”

ಮುಧೋಳದಲ್ಲಿ ಬಸ್ಸು ಬದಲಿಸಿದೆವು. ಕಂಡಕ್ಟರಿಗೆ ಇಬ್ಬರ ಆಧಾರ್ ಕಾರ್ಡನ್ನೂ ಅವಳೇ ತೋರಿಸಿದಳು. ಮಹಾಲಿಂಗಪುರ ದಾಟುವಾಗ ಕೇಳಿದಳು, “ಹೆಂಗಿದ್ಲು ನಿಮ್ಮಕ್ಕ?”

“ನಾ ಸಣ್ಣಾಕಿದ್ದಾಗ ಅವ್ವ ಹೋದ್ಲರಿ. ಅಕ್ಕನ ನನಗ ತಲಿ ಬಾಚಿ ಸಾಲಿಗೆ ಕಳಸತಿದ್ಲು. ನನ್ನ ಓದು ಮುಗಿಯೂತನಕ ತಾ ಮದಿವಿ ಆಗಲಿಲ್ಲ.”

“ಮತ್ತ?”

“ಚಟ್ನಿ ಭಾಳ ಖಾರ ಮಾಡತಿದ್ಲು. ನಗೂ ಮುಂದ ಬಾಯಿಗೆ ಸೆರಗ ಹಿಡಕೊಂತಿದ್ಲು.”

ಆಫೀಸಿನವರು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ ಕೊಟ್ಟೆ. ಅವಳು ತಲೆಯಾಡಿಸಿದಳು.

ಬನಹಟ್ಟಿಯ ಓಣಿಯಲ್ಲಿ ಬೇರೆಯವರ ಮಗ್ಗಗಳು ಓಡುತ್ತಿದ್ದವು. ಮಾಮಾನ ಮಗ್ಗ ಮಾತ್ರ ನಿಂತಿತ್ತು. ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ನಾನು ಹೊಸ್ತಿಲಲ್ಲೇ ನಿಂತೆ. ಆಯಿ ನನ್ನನ್ನು ದಾಟಿ ಒಳಗೆ ಹೋಗಿ ಅಕ್ಕನ ಮುಂದೆ ಕುಳಿತು ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

“ಯವ್ವಾ ನನ್ನವ್ವಾ, ತಂಗಿ ತಲಿ ಬಾಚಿದ ಕೈ ಎಲ್ಲಿಟ್ಟಿಯೇ! ತಾಯಿ ಇಲ್ಲದ ಕೂಸಿಗೆ ತಾಯಾಗಿ ಮದಿವಿ ಒಲ್ಲೆಂದಾಕಿ! ನಗಾಕ ಸೆರಗ ಮುಚ್ಚಿದಾಕಿ, ಈಗ ಕಣ್ಣ ಮುಚ್ಚಿದಿಯೇ!”

ಅತ್ತು ಸಾಕಾಗಿ ಸುಮ್ಮನಾಗಿದ್ದ ಹೆಂಗಸರೆಲ್ಲ ಮತ್ತೆ ಅಳಲು ಹಚ್ಚಿದರು. ಬಸ್ಸಿನಲ್ಲಿ ನಾನು ಹೇಳಿದ್ದನ್ನೇ ಅವಳು ಹೇಳುತ್ತಿದ್ದಳು. ಚಟ್ನಿಯೊಂದನ್ನು ಬಿಟ್ಟಳು ಎಂಬುದು ನನಗೆ ಹೊಳೆಯಿತು. ನನ್ನ ಕಣ್ಣುಗಳು ಒಣಗಿಯೇ ಇದ್ದವು.

“ಯಾರಿವ್ರು? ನಿಮ್ಮ ದೊಡ್ಡವ್ವ ಏನ?” ಮಾಮಾ ಮೆಲ್ಲಗೆ ಕೇಳಿದರು.

“ಅಲ್ರಿ. ಬಾವಿ ಹೊಲದಾಕಿ.”

ಆಯಿ ಮಣ್ಣು ಮುಗಿಯುವವರೆಗೂ ಇದ್ದು, ನನ್ನ ತಲೆ ಸವರಿ, ಒಬ್ಬಳೇ ಮುಧೋಳದ ಬಸ್ಸು ಹತ್ತಿದಳು.

ದಿನಕರ್ಮಗಳು ಮುಗಿದ ಮೇಲೆ ಲೋಕಾಪುರಕ್ಕೆ ಹೋದೆ. ಸ್ಕೂಟರಿಗೆ ಗೋಣಿತಾಟು ಹೊದಿಸಿದ್ದಳು. ಇಲಿ ಕಡಿಯಬಾರದೆಂದು ಕೇಬಲ್ಲನ್ನು ಮಂಚದ ಮೇಲಿಟ್ಟು ತಾನು ನೆಲದ ಮೇಲೆ ಮಲಗಿದ್ದಳಂತೆ. ಒಳಗೆ ನೀರು ಹೊಕ್ಕ ಕೇಬಲ್ಲಿಗೆ ಜೋಡಣೆ ನಿಲ್ಲುವುದಿಲ್ಲ, ಅದಕ್ಕೆ ಹೊಸದನ್ನೇ ತಂದಿದ್ದೆ. ಈ ಸಲ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯೊಳಗೆ ಇಳಿಬಿಟ್ಟೆ.

“ಅತ್ತಿ ಏನ ಬೇ?” ಎಂದು ಕೇಳಿದಳು.

“ಇಲ್ಲರಿ.”

“ಇರಲಿ. ನಿನ್ನ ಪಾಲಿಂದೂ ನಾನ ಅತ್ತೇನಿ. ರೊಟ್ಟಿ ತಿಂದ ಹೋಗು.”

ತಿಂದು ಹೋದೆ. ಆ ಬಾವಿ ಈಗ ಸರಿಯಾಗಿ ಲೆಕ್ಕ ಕೊಡುತ್ತಿದೆ. ಭಾನುವಾರ ಬಿಡುವಿದ್ದರೆ ಬನಹಟ್ಟಿಗೆ ಹೋಗುತ್ತೇನೆ. ಮಾಮಾ ಮಗ್ಗ ನಿಲ್ಲಿಸಿ ಚಹಾ ಮಾಡುತ್ತಾರೆ. ಸಕ್ಕರೆ ಹೆಚ್ಚಾಗಿರುತ್ತದೆ. ನಾನು ಹೇಳುವುದಿಲ್ಲ, ಕುಡಿದು, ಎರಡೂ ಕಪ್ಪು ತೊಳೆದಿಟ್ಟು ಬರುತ್ತೇನೆ.