ದರ್ಜಿಯಜ್ಜನ ಬೆನ್ನು

ಧರ್ಮಸಂಸ್ಥೆಗಳು ಮನೆಮನೆಗೆ ಕಳುಹಿಸುವ ಆರೈಕೆಯವರ ಕೆಲಸವನ್ನು ತಪಾಸಣೆ ಮಾಡುವುದು ಅವಳ ನೌಕರಿ. ಯಾವುದನ್ನೂ ಬಿಡುವವಳಲ್ಲವೆಂದು ಜನ ಅವಳನ್ನು 'ಭೂತಗನ್ನಡಿ' ಎನ್ನುತ್ತಿದ್ದರು. ಆ ದಿನ ಹಾಸಿಗೆ ಹಿಡಿದಿದ್ದ ಮುದಿ ದರ್ಜಿಯ ಮನೆಗೆ ಹೋದಾಗ ಆರೈಕೆಯವಳು ಇಂಪಾಗಿ ಪ್ರಾರ್ಥಿಸುತ್ತಿದ್ದಳು. ಅದು ಮುಗಿದ ಮೇಲೆ ತಪಾಸಣೆಯವಳು ಅಜ್ಜನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಳು. ಬೆನ್ನಿನ ಹುಣ್ಣು ಎಲುಬು ಮುಟ್ಟಿತ್ತು.

"ಅಜ್ಜಾ, ಯಾವಾಗಿಂದ ಇದು?"

"ಹೋದ ಸಲ ನೀವು ಬಂದಾಗ್ಲೇ ಶುರುವಾಗಿತ್ತಮ್ಮ. ಪ್ರಾರ್ಥನೆ ಕೇಳಿ ನಿಮ್ಮ ಕಣ್ಣು ತುಂಬಿತ್ತು. ನಡುವೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

ಹೋದ ಸಲ ಅವಳು ಹೊದಿಕೆಯನ್ನೂ ಸರಿಸದೆ 'ಅತ್ಯುತ್ತಮ' ಎಂದು ಬರೆದು ಹೋಗಿದ್ದಳು. ಈ ಸಲ ಅಂದೇ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿ, ಸಂಸ್ಥೆಯ ಪರವಾನಗಿಯನ್ನು ತಡೆಹಿಡಿಸಿದಳು. ಅಜ್ಜ ಒಂಬತ್ತೇ ದಿನ ಬದುಕಿದ. ವರದಿಯಲ್ಲಿ ತಪ್ಪಿತಸ್ಥರನ್ನು ನಮೂದಿಸುವಾಗ ಅವಳು ಮೊದಲು ತನ್ನ ಹೆಸರನ್ನೇ ಬರೆದಳು.