ಕಾರಿನ ಗ್ಲಾಸ್ ಏರಿಸಿದಾಕಿ

ನನ್ನ ಗಂಡನ ಹೆಸರು ನೀಲಕಂಠ. ಬನಹಟ್ಟಿಯೊಳಗ ನಮ್ಮವು ನಾಕು ಪಾವರ್‌ಲೂಮ್ ಅದಾವ. ಮನಷ್ಯಾ ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ, ಮಗ್ಗದ ಮುಂದ ನಿಂತ್ರ ಊಟದ ನೆಪ್ಪೂ ಇರಂಗಿಲ್ಲ. "ಕಾಂಚನಾ, ಭಾಳ ಪುಣ್ಯಾ ಮಾಡೀದಿ ಬೇ" ಅಂತಾರ ಓಣಿ ಹೆಣ್ಮಕ್ಕಳು. ಅವರಿಗೇನ ಗೊತ್ತೈತಿ ಮಣ್ಣು! ನಮ್ಮ ಮನ್ಯಾಗ ಸವತಿ ಅದಾಳ. ನಾಕು ಕಾಲು, ಒಂದು ಬಾಲ.

ಎರಡು ವರ್ಷದ ಹಿಂದ ಮುಧೋಳದಿಂದ ಬೇಟಿ ನಾಯಿ ಮರಿ ತಂದ್ರು. ಹೆಸರೇನಿಟ್ರು? ಸೌಂದರ್ಯಾ! ನಾ ಜ್ವರಾ ಬಂದು ಮಲಗಿದಾಗ ಗುಳಿಗಿ ತಂದು ಕಟ್ಟಿ ಮ್ಯಾಲ ಇಟ್ಟು ಹ್ವಾದ್ರು. ಆಕಿ ಒಂದಿನ ರೊಟ್ಟಿ ಮೂಸಿ ಬಿಟ್ರ ಮಗ್ಗ ಬಂದ್ ಮಾಡಿ, "ಯಾಕವಾ, ಏನಾತು?" ಅಂತ ಹಂತ್ಯಾಕ ಕುಂತ್ರು. ಹೊಟ್ಟಿ ಉರಿಯಂಗಿಲ್ಲೇನ್ರಿ? ಉರೀತೈತಿ. ನಾಯಿ ಮ್ಯಾಲ ಹೊಟ್ಟೆಕಿಚ್ಚೇನು ಅಂತ ನಗಾವ್ರು ನಮ್ಮ ಮನಿಗೆ ಬಂದು ಒಂದು ತಿಂಗಳ ಇದ್ದು ನೋಡ್ರಿ.

ಹ್ವಾದ ಏಪ್ರಿಲ್‌ದಾಗ ಅಂಗಡಿಗೆ ಸೀರಿ ಗಂಟು ಮುಟ್ಟಿಸಾಕ ಜಮಖಂಡಿಗೆ ಹೊಂಟ್ವಿ. ಮುಂದಿನ ಸೀಟಿನ್ಯಾಗ ಸೌಂದರ್ಯಾ, ಹಿಂದ ಗಂಟಿನ ಜೋಡಿ ನಾನು. ಪೇಟ್ಯಾಗ ಕಾರ್ ನಿಲ್ಲಿಸಿ, ಚಾವಿ ನನ್ನ ಕೈಯಾಗ ಕೊಟ್ಟು, "ಇಲ್ಲೇ ಕುಂದರು. ಗ್ಲಾಸ್ ಇಳಿಸೇ ಇರಲಿ, ಆಕಿಗೆ ಸೆಕಿ ಆಗತೈತಿ" ಅಂದು ಹ್ವಾದ್ರು. ಆಕಿಗೆ ಸೆಕಿ! ನನಗ ಸೆಕಿ ಆಗಂಗಿಲ್ಲ ನೋಡ್ರಿ.

ಆತು, ತಲಿ ಕೆಟ್ಟಿತು. ನಾಯಿ ಕಾಯಾಕ ಬಂದೀನೇನ ನಾನು? ಆಕಿ ಜಿಗದು ಓಡಿ ಹ್ವಾದ್ರ ನನ್ನ ಜೀವಾ ತಿಂತಾರಂತ ನಾಕೂ ಗ್ಲಾಸ್ ಏರಿಸಿ, ಲಾಕ್ ಮಾಡಿ, ಬಳಿ ಅಂಗಡಿಗೆ ನಡದೆ. ಮುಧೋಳ ನಾಯಿ ಬಿಸಲಿಗೇ ಹುಟ್ಟಿದ್ದು, ಕಡು ಬ್ಯಾಸಗ್ಯಾಗೂ ಮೊಲದ ಬೆನ್ನ ಹತ್ತತೈತಿ, ಅದಕ್ಕೇನ ಆಗತೈತಿ ಅಂತ ನಮ್ಮ ಕಡೆ ಎಲ್ಲಾರೂ ಅಂತಾರ. ನಾನೂ ಹಂಗ ಅಂದಕೊಂಡೆ. ಹೊಲದಾಗ ಗಾಳಿ ಇರತೈತಿ, ಮುಚ್ಚಿದ ಕಾರಿನ್ಯಾಗ ಇರಂಗಿಲ್ಲ ಅನ್ನೂದು ಹೊಳೀಲಿಲ್ಲ. ಖರೆ ಹೇಳಲೇನು? ಒಂದೀಟು ಸೆಕಿ ಆಗಲಿ ಆಕಿಗೆ ಅಂತಾನೂ ಮನಸಿನ್ಯಾಗ ಇತ್ತು.

ಬಳಿ ಇಟಗೊಂಡು ಅರ್ಧಾ ತಾಸಿಗೆ ತಿರುಗಿ ಬಂದ್ರ ಕಾರಿನ ಸುತ್ತ ಮಂದಿನ ಮಂದಿ. ಹವಾಲ್ದಾರ ಒಂದು ಗ್ಲಾಸ್ ಒಡದು ಸೌಂದರ್ಯಾನ್ನ ಹೊರಗ ತಗದಿದ್ದ. ನೆರಳಾಗ ಬಿದ್ದಿದ್ಲು, ನಾಲಿಗಿ ಹೊರಗ ಬಂದಿತ್ತು, ಹೊಟ್ಟಿ ಪಡಪಡ ಹಾರತಿತ್ತು. ಯಾರೋ ನೀರು ಸುರೀತಿದ್ರು. ಅಯ್ಯ ಶಿವನೇ, ಸತ್ತ ಹ್ವಾದ್ಲು ಅಂದಕೊಂಡೆ.

"ಗಾಡ್ಯಾಗ ಪ್ರಾಣಿ ಹಿಂಗ ಬಿಟ್ಟು ಹ್ವಾದ್ರ ಪ್ರಾಣಿ ಹಿಂಸೆ ಕಾಯ್ದೆದಾಗ ಕೇಸ್ ಆಗತೈತಿ. ಯಾರು ಬಿಟ್ಟ ಹ್ವಾದಾವ್ರು?" ಅಂತ ಹವಾಲ್ದಾರ ಒದರಿದ. ನಾ ಒಂದು ಹೆಜ್ಜಿ ಹಿಂದ ಸರದೆ. ಅಷ್ಟರಾಗ ನಮ್ಮವರು ಓಡಿ ಬಂದ್ರು. ನನ್ನ ಮಾರಿ ನೋಡಿದ್ರು, ಕೈಯಾನ ಚಾವಿ ನೋಡಿದ್ರು.

"ನಾನ ರೀ ಬಿಟ್ಟ ಹ್ವಾದಾಂವ. ಮೊದಲ ಡಾಕ್ಟರ್ ಕಡೆ ಒಯ್ಯೂನು" ಅಂದ್ರು.

ದನದ ದವಾಖಾನ್ಯಾಗ ಸಲೈನ್ ಹಚ್ಚಿದ್ರು. ಹವಾಲ್ದಾರನೂ ಹಿಂದಿಂದ ಬಂದು ಬಾಗಲದಾಗ ನಿಂತ. ನನ್ನ ನಾಚಿಕಿಗೆಟ್ಟ ಬುದ್ಧಿ ಕೇಳ್ರಿ: ಅಲ್ಲಿ ಆಕಿ ಜೀವಾ ಹೋಗೂದೋ ಇರೂದೋ ಅನ್ನೂವಾಗ ನನಗ ಒಳಗೊಳಗ ಖುಷಿ. ಲಗ್ನಾಗಿ ಹದಿನೆಂಟು ವರ್ಷದಾಗ ಇವತ್ತ ನಾ ಗೆದ್ದೆ, ಆಕಿಗಿಂತ ನಾನ ಹೆಚ್ಚಂತ ತಿಳಕೊಂಡೆ.

ತಾಸಾದ ಮ್ಯಾಲ ಸೌಂದರ್ಯಾ ಕಣ್ಣ ಬಿಟ್ಲು. ಡಾಕ್ಟರ್ ಉಳೀತೈತಿ ಅಂದ್ರು. ನಾ ಮೆಲ್ಲಕ ಕೇಳಿದೆ, "ನನ್ನ ಸಲುವಾಗಿ ಸುಳ್ಳ ಹೇಳಿದ್ರಿ?"

ಅವರು ಆಕಿ ತಲಿ ಮ್ಯಾಲಿಂದ ಕೈ ತಗೀಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. "ಸುಳ್ಳೇನೈತಿ ಅದರಾಗ? ಆಕಿನ್ನ ನಿನ್ನ ಕೈಯಾಗ ಬಿಟ್ಟ ಹ್ವಾದಾಂವ ನಾನ ಅಲ್ಲ?"

ಬೈದಿದ್ರ ತಿರುಗಿ ಬೈತಿದ್ದೆ. ಇದಕ್ಕ ಏನಂತ ಬೈಯಲಿ? ಬಾಗಲದಾಗ ಹವಾಲ್ದಾರ ನಮ್ಮವರ ಹೆಸರು ಬರಕೊಳ್ಳಾಕತ್ತಿದ್ದ. ಎದ್ದು ಹ್ವಾದೆ.

"ಸಾಹೇಬ್ರ, ಆ ಹೆಸರು ಹೊಡದ ಹಾಕ್ರಿ. ಗ್ಲಾಸ್ ಏರಿಸಿದಾಕಿ ನಾನು. ಹೊಟ್ಟೆಕಿಚ್ಚಿಗೆ ಏರಿಸಿದೆ, ಅದನ್ನೂ ಬರೀರಿ."